ಛತ್ರಿಯ ಮುಂದಿನ ಹೂವು

ನಮ್ಮ ಸೀತಾಳೆ ಗುಂಪಿನ ಹಿರಿಯ ಸದಸ್ಯರೊಬ್ಬರು ಈ ಸಲದ ಮಳೆ ಹಿಡಿಯುವ ಮೊದಲೇ ತೀರಿಕೊಂಡರು. ಬದುಕಿದ್ದಾಗ ಅವರು ಯಾರನ್ನೂ ನಂಬಲಿಲ್ಲ. ಸತ್ತ ಮೇಲೆ ಅವರನ್ನು ಯಾರೂ ನಂಬುತ್ತಿಲ್ಲ. ಅಲ್ಲಿಗಲ್ಲಿಗೆ ಸರಿಹೋಯಿತು ಎಂದು ಸುಮ್ಮನಿರಬಹುದಿತ್ತು. ಆದರೆ ‘ಹೂವಿನ ಕಳ್ಳ’ ಎಂಬ ಮಾತು ಗುಂಪಿನಿಂದ ಹೊರಬಿದ್ದು ಅವರ ಹೆಂಡತಿಯ ಕಿವಿಯವರೆಗೂ ಹೋಗಿದೆ. ಅದಕ್ಕಾಗಿ ಇದನ್ನು ಬರೆಯಬೇಕಾಯಿತು. ಹೆಸರು ಮಾತ್ರ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದನ್ನು ಅವರು ಒಪ್ಪುತ್ತಿರಲಿಲ್ಲ.

ಗುಂಪು ಎಂದರೆ ಫೋನಿನೊಳಗಿನ ಗುಂಪು. ಸೀತಾಳೆ ಎಂದರೆ ನಮ್ಮ ಕಡೆ ಮರದ ಮೈಮೇಲೆ ಬೆಳೆದು, ಮಳೆಗೆ ಮುಂಚೆ ಜಡೆಯ ಹಾಗೆ ಹೂ ಇಳಿಬಿಡುವ ಆರ್ಕಿಡ್ ಗಿಡ. ಮಳೆಗಾಲ ಬರುವ ಮೊದಲು ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಸುತ್ತಾರೆ. ಅದಕ್ಕೆ ಮರಗಸಿ ಎನ್ನುವುದು. ಕೊಂಬೆಯ ಜೊತೆಗೆ ಈ ಗಿಡಗಳೂ ನೆಲಕ್ಕೆ ಬೀಳುತ್ತವೆ. ಹಾಗೇ ಬಿಟ್ಟರೆ ಸೌದೆಯೊಂದಿಗೆ ಒಲೆಗೆ ಹೋಗುತ್ತವೆ. ಮರಗಸಿ ನಡೆಯುವ ತೋಟಕ್ಕೆ ಹೋಗಿ, ಮಾಲೀಕರನ್ನು ಕೇಳಿ, ಬಿದ್ದ ಗಿಡಗಳನ್ನು ಆರಿಸಿ ತಂದು ಮನೆಯಲ್ಲಿ ಬದುಕಿಸಿಕೊಳ್ಳುವವರು ನಾವು. ಫೋಟೋ ಹಾಕುತ್ತೇವೆ, ಹೆಚ್ಚಾದ ಗಿಡಗಳನ್ನು ಒಬ್ಬರಿಗೊಬ್ಬರು ಕೊಡುತ್ತೇವೆ. ನಿಂತ ಮರದಿಂದ ಕೀಳಬಾರದು, ಮಾರಬಾರದು. ಬಿದ್ದದ್ದು ಮಾತ್ರ ನಮ್ಮದು.

ಗುಂಪಿನ ಉಸ್ತುವಾರಿ ನನ್ನದು. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದವಳು, ಮನೆ ಮೂಡಿಗೆರೆಯಲ್ಲಿ. ಬೆಳಿಗ್ಗೆ ಕಾಫಿಗೆ ಮೊದಲು ಒಂದು ಸಲ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಲ, ವಾರ್ಡಿನಲ್ಲಿ ರೌಂಡ್ಸ್ ಹೋದ ಹಾಗೆ ಗುಂಪನ್ನು ನೋಡುತ್ತೇನೆ. ಶುಭೋದಯದ ಚಿತ್ರ ಹಾಕಿದವರಿಗೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಬಾಗಿಲು. ಇದಕ್ಕೆ ನನ್ನನ್ನು ಬೈಯುವವರಿದ್ದಾರೆ. ಬೈದುಕೊಳ್ಳಲಿ, ಗುಂಪು ಚೊಕ್ಕಟವಾಗಿದೆ.

ಅವರಿಗೆ ಗೋಣಿಬೀಡಿನಲ್ಲಿ ಛತ್ರಿ, ರೈನ್‌ಕೋಟು, ಗಂಬೂಟು, ಕಂಬಳಿ ಮಾರುವ ಅಂಗಡಿಯಿತ್ತು. ಹಣೆಯ ಮೇಲೆ ವಿಭೂತಿ, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ಕಂಕುಳಲ್ಲಿ ಕಪ್ಪು ಛತ್ರಿ. ಸುಡು ಬಿಸಿಲಿನಲ್ಲೂ ಛತ್ರಿ. ಮೊದಲ ಸಲ ಅವರನ್ನು ಕಂಡದ್ದು ಒಂದು ತೋಟದಲ್ಲಿ, ಮರಗಸಿಯ ದಿನ. ನಾನು ಆರಿಸಿಟ್ಟ ಗಿಡದ ಮುಂದೆ ಬಂದು ನಿಂತರು. ನಮಸ್ಕಾರವಿಲ್ಲ, ಪರಿಚಯವಿಲ್ಲ. ನಾನು ನರ್ಸ್ ಎಂದು ಯಾರೋ ಹೇಳಿದ್ದಿರಬೇಕು.

“ಇದು ಎಲ್ಲಿಂದ ಬಂತು ಸಿಸ್ಟರ್ರೇ?”

“ಅಗೋ, ಆ ಹಲಸಿನ ಕೊಂಬೆಯಿಂದ.”

“ಕೊಂಬೆ ಬೀಳೋದು ನೀವು ನೋಡಿದ್ರಾ?”

“ನಾನು ಬರೋವಾಗ ಬಿದ್ದಿತ್ತು.”

“ನೋಡ್ಲಿಲ್ಲ ಅಂತಾಯ್ತು. ಸ್ವಲ್ಪ ಮಗುಚಿ, ಬೇರು ನೋಡಣ.”

ಮಗುಚಿದೆ. ಅವರು ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬಿದ್ದು ಒಂದೆರಡು ದಿನವಾದ ಕೊಂಬೆಯ ತೊಗಟೆ ಒಣಗಿ ಸಡಿಲವಾಗಿರುತ್ತದೆ. ಗಿಡ ಎತ್ತಿದರೆ ತೊಗಟೆಯ ಚೂರಿನ ಸಮೇತ ಬೇರು ಇಡಿಯಾಗಿ ಬಿಟ್ಟು ಬರುತ್ತದೆ. ಹಸಿ ಮರದಿಂದ ಎಬ್ಬಿಸಿದರೆ ಬೇರು ಅರ್ಧಕ್ಕೆ ತುಂಡಾಗಿ ಬೆಳ್ಳಗೆ ಕಾಣುತ್ತದೆ. ನನ್ನ ಗಿಡ ಪಾಸಾಯಿತು. “ಬಾಯಿ ಎಂತ ಬೇಕಾದ್ರೂ ಹೇಳುತ್ತೆ ಸಿಸ್ಟರ್ರೇ. ಬೇರಿಗೆ ಅಷ್ಟು ಬುದ್ಧಿ ಇಲ್ಲ,” ಎಂದು ಮುಂದಿನವರ ಗಿಡದ ಕಡೆಗೆ ಹೋದರು.

ರೋಗಿ ಜ್ವರವಿಲ್ಲವೆಂದರೂ ಥರ್ಮಾಮೀಟರ್ ಇಡದೆ ಬಿಟ್ಟವಳಲ್ಲ ನಾನು. ಆ ಮನುಷ್ಯ ನನಗೆ ಅಲ್ಲೇ ಹಿಡಿಸಿದರು. ಹಿಡಿಸಿದರು ಎಂದರೆ ನಂಬಿದೆ ಎಂದಲ್ಲ. ಇಷ್ಟು ಅನುಮಾನ ಪಡುವವರಿಗೆ ಕಳ್ಳದಾರಿಗಳೆಲ್ಲ ಗೊತ್ತಿರಬೇಕು ಎಂದೂ ಅನ್ನಿಸಿತು.

ಅಂಗಡಿಯಲ್ಲೂ ಅವರು ಹಾಗೆಯೇ. ಛತ್ರಿ ಕೊಳ್ಳಲು ಬಂದವರು ದುಡ್ಡು ತೆಗೆದರೆ ಕೈ ಅಡ್ಡ ಹಿಡಿಯುತ್ತಿದ್ದರು. “ತಡೀರಿ ಮಾರಾಯ್ರೇ, ಮೊದ್ಲು ಬಿಚ್ಚಿ ಬೆಳಕಿಗೆ ಹಿಡೀರಿ. ತೂತಿದ್ಯಾ ನೋಡ್ಕಳಿ.” ಮನೆಯೊಳಗೆ ಛತ್ರಿ ಬಿಚ್ಚಬಾರದು ಎನ್ನುವ ಮುದುಕಿಯರನ್ನು ರಸ್ತೆಗೆ ಕರೆದುಕೊಂಡು ಹೋಗಿ ಬಿಚ್ಚಿಸುತ್ತಿದ್ದರು. ಒಮ್ಮೆ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು, “ನಿಮ್ಮ ಅಂಗಡಿ ಮೇಲೆ ನಂಗೆ ನಂಬಿಕೆ ಇದೆ, ಸುಮ್ನೆ ಕಟ್ಟಿ ಕೊಡಿ,” ಎಂದರು. ಇವರು, “ನಂಗೇ ಇಲ್ಲ, ನಿಮಗೆ ಎಲ್ಲಿಂದ ಬಂತು?” ಎಂದು ಕೇಳಿದರು. ರೈಟರ್ ಛತ್ರಿ ಬಿಚ್ಚಿದರು. ಅದರಲ್ಲಿ ತೂತು ಇದ್ದೇ ಇತ್ತು. ಅಂದಿನಿಂದ ಆ ತೋಟದ ಆಳುಗಳಿಗೆಲ್ಲ ಇವರ ಅಂಗಡಿಯ ರೈನ್‌ಕೋಟೇ ಆಯಿತು. ಇದು ವ್ಯಾಪಾರದ ಯುಕ್ತಿಯೋ ಸ್ವಭಾವವೋ ನನಗೆ ಈವರೆಗೆ ಗೊತ್ತಾಗಿಲ್ಲ.

ಗುಂಪಿನಲ್ಲಿ ಅವರ ಫೋಟೋ ಎಂದರೆ ಕಣ್ಣು ಮುಚ್ಚಿ ಹೇಳಬಹುದಿತ್ತು. ಹೂವಿನ ಹಿಂದೆ ಬಿಚ್ಚಿದ ಕಪ್ಪು ಛತ್ರಿ. ಮರ ಕಾಣುವುದಿಲ್ಲ, ಬೇಲಿ ಕಾಣುವುದಿಲ್ಲ, ಆಕಾಶದ ಒಂದು ತುಣುಕೂ ಇಲ್ಲ. ಹೊಸಬರು, “ಎಂಥಾ ಬ್ಯಾಕ್‌ಗ್ರೌಂಡ್ ಸಾರ್,” ಎಂದು ಹೊಗಳಿದರೆ ಉತ್ತರಿಸುತ್ತಿರಲಿಲ್ಲ. ಬೇರೆಯವರ ಫೋಟೋದಲ್ಲಿ ಹೂವಿನ ಹಿಂದೆ ಮೈಲಿಗಲ್ಲೋ ಗುಡಿಯ ಗೋಡೆಯೋ ಕಂಡರೆ ತಕ್ಷಣ ನನಗೆ ಫೋನ್ ಬರುತ್ತಿತ್ತು. “ಸಿಸ್ಟರ್ರೇ, ಅದನ್ನ ತೆಗೀರಿ. ಇದು ಹೂ ತೋರ್ಸೋದಲ್ಲ, ದಾರಿ ತೋರ್ಸೋದು.”

ಅತಿಯಾಯಿತು ಎಂದುಕೊಂಡಿದ್ದೆ. ಒಂದು ವರ್ಷ ಉತ್ಸಾಹದ ಸದಸ್ಯೆಯೊಬ್ಬಳು ರಸ್ತೆ ಬದಿಯ ಮರದಲ್ಲಿ ಮೊಳದುದ್ದ ಇಳಿಬಿಟ್ಟ ಸೀತಾಳೆಯ ಫೋಟೋ ಹಾಕಿದಳು. ಮೂಲೆಯಲ್ಲಿ ಬಸ್ ತಂಗುದಾಣದ ಬಣ್ಣ ಕಾಣುತ್ತಿತ್ತು. ಒಂದು ವಾರದೊಳಗೆ ಆ ಮರ ಬೋಳಾಯಿತು. ಕೊಕ್ಕೆ ಹಾಕಿ ಎಳೆದಿದ್ದರು. ಅರ್ಧ ಬೇರು ಮರದಲ್ಲೇ ಉಳಿದಿತ್ತು. ಗುಂಪಿನ ಹೊರಗೆ ಯಾರೂ ಆ ಫೋಟೋ ನೋಡಿರಲಿಲ್ಲ. ಅಂದರೆ ಕದ್ದವರು ನಮ್ಮೊಳಗೇ ಇದ್ದಾರೆ. ಯಾರೆಂದು ತಿಳಿಯಲಿಲ್ಲ. ಈಗಲೂ ಇದ್ದಾರೆ, ಪ್ರತಿ ಫೋಟೋಗೆ ಕೈ ಮುಗಿದ ಚಿತ್ರ ಒತ್ತುತ್ತಿರಬಹುದು.

ಇಷ್ಟೆಲ್ಲ ಕಾಯುವ ಮನುಷ್ಯ ತಮ್ಮ ಮನೆಯ ಗಿಡಗಳನ್ನು ಒಮ್ಮೆಯೂ ತೋರಿಸಲಿಲ್ಲ. ಹೆಚ್ಚಾದ ಗಿಡ ಯಾರು ಕೊಟ್ಟರೂ ಬೇರು ನೋಡಿ ಒಯ್ಯುತ್ತಿದ್ದರು. ತಿರುಗಿ ಒಂದನ್ನೂ ಕೊಟ್ಟವರಲ್ಲ. ನಮ್ಮ ಕಡೆ ಅಪರಿಚಿತರನ್ನೂ ‘ಒಂದು ಲೋಟ ಕಾಫಿ ಕುಡ್ದು ಹೋಗಿ’ ಎನ್ನದೆ ಕಳಿಸುವುದಿಲ್ಲ. ಇವರು ಕಾಫಿಯನ್ನು ಹೋಟೆಲಿನಿಂದ ಅಂಗಡಿಗೇ ತರಿಸುತ್ತಿದ್ದರು. ಮನೆ ಹತ್ತಿರದಲ್ಲೇ ಇದ್ದರೂ ಆ ಕಡೆ ಕೈ ತೋರಿಸುತ್ತಿರಲಿಲ್ಲ.

ಒಮ್ಮೆ ನೇರವಾಗಿ ಕೇಳಿದೆ. “ಮನೇಲಿ ಎಷ್ಟು ಗಿಡ ಇದಾವೆ?”

“ಮನೇಲಿಟ್ರೆ ಇನ್ನೊಂದು ಬೇಕು ಅನ್ಸುತ್ತೆ ಸಿಸ್ಟರ್ರೇ. ಆಸೆ ಕೆಟ್ಟದು.”

“ಹಾಗಾದ್ರೆ ಎಲ್ಲಿಡ್ತೀರಿ?”

“ಇರೋ ಕಡೆ ಇದಾವೆ,” ಎಂದು ಗಿರಾಕಿಯ ಕಡೆ ತಿರುಗಿಕೊಂಡರು.

ಇದು ಉತ್ತರವಲ್ಲ. ನಾನು ಮನಸ್ಸಿನಲ್ಲೇ ಅವರ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡೆ.

ಸಾವಿನ ಸುದ್ದಿ ಬಂದದ್ದು ಅವರದೇ ನಂಬರಿನಿಂದ. ‘ನಮ್ಮ ಯಜಮಾನರು ಇವತ್ತು ಬೆಳಿಗ್ಗೆ ತೀರಿಕೊಂಡರು.’ ಸತ್ತವರ ಫೋನಿನಿಂದ ಬಂದ ಮಾತನ್ನು ನಾನು ಹಾಗೇ ಒಪ್ಪಿಕೊಳ್ಳುವವಳಲ್ಲ. ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಬೆಳಿಗ್ಗೆ ಎಲ್ಲಿಗೋ ಹೊರಟವರು ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಶಟರ್ ಎತ್ತುವಾಗ ಹಾಗೇ ಕುಸಿದರಂತೆ. ಹೃದಯ ಎಂದರಂತೆ ಡಾಕ್ಟರು.

ಆಮೇಲೆ ಗುಂಪಿನಲ್ಲಿ ಶೋಕದ ಪ್ರವಾಹ. ಅವರೊಂದಿಗೆ ಒಂದು ಮಾತೂ ಆಡದವರು ‘ಆತ್ಮೀಯ ಗೆಳೆಯ’ ಎಂದರು. ಬೇರು ತೋರಿಸು ಎಂದದ್ದಕ್ಕೆ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟವರು ‘ಗುರುಗಳು’ ಎಂದರು. ಯಾರೋ ಒಬ್ಬರು ಗುಂಪಿನಲ್ಲಿ ತಮ್ಮ ಹೆಸರಿನ ಪಕ್ಕದ ಮುಖದ ಜಾಗದಲ್ಲಿ ಕಪ್ಪು ಛತ್ರಿಯ ಚಿತ್ರ ಹಾಕಿದರು. ಸಂಜೆಯ ರೌಂಡ್ಸಿಗೆ ಹೋದಾಗ ಗುಂಪಿನ ತುಂಬ ಛತ್ರಿಗಳು. ಚೆನ್ನಾಗಿಯೇ ಕಂಡಿತು. ಯಾರ ಛತ್ರಿಯಲ್ಲಿ ತೂತಿದೆ ಎಂದು ಬಿಚ್ಚಿ ನೋಡಲು ಅವರೊಬ್ಬರಿರಲಿಲ್ಲ.

ಕಳಸದ ಕಡೆ ಹೋಮ್‌ಸ್ಟೇ ನಡೆಸುವ ಸದಸ್ಯರೊಬ್ಬರು ಮಾರನೆಯ ದಿನ ಒಂದು ಸಲಹೆ ಇಟ್ಟರು. ಅಗಲಿದವರ ಗಿಡಗಳನ್ನೆಲ್ಲ ತಂದು ತಮ್ಮ ಜಾಗದಲ್ಲಿ ಸ್ಮಾರಕ ತೋಟ ಮಾಡುವುದು, ಅವರ ಹೆಸರಿನ ಬೋರ್ಡು ಹಾಕುವುದು. ಎಲ್ಲರೂ ಹೆಬ್ಬೆರಳೆತ್ತಿದರು. ಅವರ ಹೋಮ್‌ಸ್ಟೇಗೆ ಹೋಗುವ ಅತಿಥಿಗಳು ಆ ಹೂಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿತು. ‘ಮೊದಲು ಮನೆಯವರನ್ನು ಕೇಳುತ್ತೇನೆ’ ಎಂದು ಬರೆದೆ.

ಅಷ್ಟರಲ್ಲಿ ಇನ್ನೊಂದು ಫೋಟೋ ಬಂತು. ಅವರು ಕುಸಿದ ಬೆಳಿಗ್ಗೆ ಆ ದಾರಿಯಲ್ಲಿ ಹೋದ ಯಾರೋ ತೆಗೆದದ್ದು. ಮುಚ್ಚಿದ ಶಟರ್, ಸ್ಕೂಟರಿಗೆ ಕಟ್ಟಿದ ಏಣಿ, ಹ್ಯಾಂಡಲಿಗೆ ನೇತು ಹಾಕಿದ ಚೀಲ, ಚೀಲದ ಬಾಯಲ್ಲಿ ಕತ್ತಿಯ ಹಿಡಿ ಮತ್ತು ಸೀತಾಳೆಯ ಎಲೆ.

ಬಿದ್ದ ಗಿಡ ಆರಿಸುವವರಿಗೆ ಏಣಿ ಯಾಕೆ? ಈ ಪ್ರಶ್ನೆಯನ್ನು ಮೊದಲು ಕೇಳಿದವರು ಯಾರೋ, ಆಮೇಲೆ ಎಲ್ಲರೂ ಕೇಳಿದರು. ಛತ್ರಿಗಳು ಒಂದೊಂದಾಗಿ ಮುಚ್ಚಿಕೊಂಡು ಹಳೆಯ ಮುಖಗಳು ವಾಪಸು ಬಂದವು. ಹೋಮ್‌ಸ್ಟೇಯವರು ನನಗೆ ಫೋನ್ ಮಾಡಿದರು.

“ಮೇಡಂ, ನಾನು ಕಳ್ಳ ಅಂತ ಹೇಳ್ತಿಲ್ಲ. ಗಿಡ ಎಲ್ಲಿ ಅಂತ ಕೇಳ್ತಿದೀನಿ ಅಷ್ಟೆ. ನಮ್ಮೆಲ್ಲರ ಹತ್ರ ಇಸ್ಕಂಡಿದ್ದಾರಲ್ಲ.”

“ಇಷ್ಟು ದುಃಖದಲ್ಲೂ ಅದು ನೆನಪಿದೆಯಲ್ಲ ನಿಮಗೆ.”

“ದುಃಖ ಬೇರೆ, ಗಿಡ ಬೇರೆ ಮೇಡಂ.”

ನನಗೂ ಅನುಮಾನ ಬಂತು. ಬರಬೇಕಾದದ್ದೇ. ಏಣಿ, ಕತ್ತಿ, ಮನೆಗೆ ಕರೆಯದ ಮನುಷ್ಯ. ಮಾರನೆಯ ದಿನ ಬೆಳಗಿನ ಬಸ್ಸಿಗೇ ಗೋಣಿಬೀಡಿಗೆ ಹೋದೆ.

ಅವರ ಹೆಂಡತಿ ಗೇಟಿನ ಒಳಗೇ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀವೂ ಗುಂಪಿನೋರಾ?”

“ಹೌದು. ಮೂಡಿಗೆರೆಯಿಂದ. ನರ್ಸ್ ಆಗಿದ್ದೆ.”

“ಮೊನ್ನೆ ಇಬ್ರು ಬಂದಿದ್ರು. ಕಣ್ಣಲ್ಲಿ ನೀರು ಹಾಕ್ಕಂಡು, ಹಿತ್ಲು ಯಾವ ಕಡೆ ಅಂತ ಕೇಳಿದ್ರು.” ಗೇಟು ಇನ್ನೂ ತೆರೆಯಲಿಲ್ಲ. “ನೀವೇನಾ ಬೇರು ಮಗುಚಿ ತೋರ್ಸಿದ ಸಿಸ್ಟರು?”

“ನಾನೇ.”

ಗೇಟು ತೆರೆಯಿತು. ಹಿತ್ತಲನ್ನು ತಾವಾಗಿಯೇ ತೋರಿಸಿದರು. ಕರಿಬೇವು, ಎರಡು ಬಾಳೆ, ಬಟ್ಟೆ ಒಗೆಯುವ ಕಲ್ಲು. ಜಗಲಿಯಲ್ಲಿ ಒಂದು ತುಳಸಿ. ಸೀತಾಳೆ ಎಂಬುದು ಆ ಮನೆಯಲ್ಲಿ ಹೆಸರಿಗೂ ಇರಲಿಲ್ಲ.

“ಮನೆಗೆ ಒಂದು ಎಲೆನೂ ತಂದೋರಲ್ಲ,” ಎಂದರು. “ದಿನಾ ಬೆಳಿಗ್ಗೆ ಅಂಗಡಿ ತೆಗಿಯೋ ಮೊದ್ಲು ಜಾವಳಿ ಕಡೆ ಹೋಗೋರು. ಎಂತಕ್ಕೆ ಅಂದ್ರೆ ಅಂಗಡಿ ಬೋರ್ಡ್ ಕಟ್ಟಕ್ಕೆ ಅನ್ನೋರು. ಇಷ್ಟು ವರ್ಷದಲ್ಲಿ ಒಂದು ಬೋರ್ಡು ನಾನು ಕಾಣ್ಲಿಲ್ಲ. ಬೇರೆ ಹೆಂಗ್ಸರಾದ್ರೆ ಅನುಮಾನ ಪಡೋರು. ಏಣಿ ಕಟ್ಕಂಡು ಹೋಗೋ ಗಂಡಸಿನ ಮೇಲೆ ಯಾವ ಅನುಮಾನ ಪಡೋದು ಹೇಳಿ ಸಿಸ್ಟರ್?”

ಇಬ್ಬರೂ ನಕ್ಕೆವು. ಸಾವಿನ ಮನೆಯಲ್ಲಿ ನಗಬಾರದೆಂದೇನಿಲ್ಲ. ನಾನು ಬೇಕಾದಷ್ಟು ನೋಡಿದ್ದೇನೆ.

ಸ್ಕೂಟರಿನ ಚೀಲ ಮೂಲೆಯಲ್ಲಿ ಇಟ್ಟಲ್ಲೇ ಇತ್ತು. ಬಿಚ್ಚಿದೆ. ಒಂದು ಸೀತಾಳೆ ಗಿಡ, ಕತ್ತಿ, ಒಂದು ಸುರುಳಿ ಬಟ್ಟೆ. ಗಿಡವನ್ನು ಮಗುಚಿದೆ. ಬೇರುಗಳು ತುದಿಯವರೆಗೆ ಇಡಿಯಾಗಿದ್ದವು. ಒಣಗಿದ ತೊಗಟೆಯ ಚೂರು ಅಂಟಿಕೊಂಡಿತ್ತು. ಬಿದ್ದ ಗಿಡ. ಬಟ್ಟೆ ಎಂದರೆ ಹಳೆ ಛತ್ರಿಗಳದ್ದು. ರಿಪೇರಿಯಾಗದ ಛತ್ರಿಗಳನ್ನು ಜನ ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಅವುಗಳ ಕಪ್ಪು ಬಟ್ಟೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಟ್ಟಿದ್ದರು. ಮುರಿದ ಕೈಗೆ ಸುತ್ತುವ ಬ್ಯಾಂಡೇಜಿನಂತೆ ನೀಟಾಗಿ ಸುತ್ತಿದ್ದ ಸುರುಳಿ. ಅದನ್ನು ಕೈಯಲ್ಲಿ ಹಿಡಿದಾಗ ಏಣಿಯ ಕೆಲಸ ನನಗೆ ಅರ್ಥವಾಯಿತು. ಏಣಿ ಗಿಡ ಇಳಿಸುವುದಕ್ಕಲ್ಲ, ಏರಿಸುವುದಕ್ಕೆ.

ಆದರೂ ನೋಡದೆ ನಂಬುವುದು ಹೇಗೆ? ಮನೆಗೆ ಹೋಗುವ ಬಸ್ಸು ಬಿಟ್ಟು ಜಾವಳಿಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು, ಕತ್ತು ಹೊರಗೆ ಹಾಕಿ ಮರಗಳನ್ನೇ ನೋಡಿದೆ. ಕಂಡಕ್ಟರ್, “ಅಮ್ಮ, ತಲೆ ಒಳಗೆ,” ಎಂದು ಗದರಿದ. ಮೊದಲು ಏನೂ ಕಾಣಲಿಲ್ಲ. ಒಂದು ತಿರುವಿನಲ್ಲಿ ಕಂಡಿತು. ಕೈಗೆ ನಿಲುಕದ ಎತ್ತರದಲ್ಲಿ, ಕಾಂಡದ ಸುತ್ತ ಒಂದು ಕಪ್ಪು ಪಟ್ಟಿ, ಅದರ ಕೆಳಗೆ ಎಲೆಗಳು. ಗಿಡವನ್ನು ಕಾಂಡದ ಹಿಂಬದಿಗೆ ಓರೆಯಾಗಿ ಕಟ್ಟಿದ್ದರಿಂದ ಮುಂದೆ ನೋಡುತ್ತ ಹೋಗುವವರಿಗೆ ಕಾಣದು. ದಾಟಿದ ಮೇಲೆ ತಿರುಗಿ ನೋಡಿದವರಿಗೆ ಮಾತ್ರ. ಆಮೇಲೆ ತಿರುಗಿ ನೋಡುವುದನ್ನೇ ರೂಢಿ ಮಾಡಿಕೊಂಡೆ. ಒಂದು ಮರ ಬಿಟ್ಟು ಒಂದು ಮರ. ಕೆಲವು ಕಡೆ ಪಟ್ಟಿ ಕೊಳೆತು ಉದುರಿ, ಬೇರು ತಾನೇ ಮರವನ್ನು ಹಿಡಿದುಕೊಂಡಿತ್ತು. ಒಂದೆರಡು ಕಡೆ ಹೂ ಬಿಟ್ಟಿತ್ತು. ಮರಗಸಿಯಲ್ಲಿ ಬಿದ್ದದ್ದನ್ನೆಲ್ಲ, ನಮ್ಮಿಂದ ಇಸಿದುಕೊಂಡದ್ದನ್ನೆಲ್ಲ, ಅವರು ಕತ್ತಿ ಬೀಳದ ರಸ್ತೆ ಮರಗಳಿಗೆ ಕಟ್ಟುತ್ತ ಬಂದಿದ್ದರು.

ಎಲ್ಲವನ್ನೂ ಕಟ್ಟಿದರೇ? ಒಂದನ್ನೂ ಮಾರಲಿಲ್ಲವೇ? ಅವರು ಒಯ್ದ ಗಿಡಗಳನ್ನೂ ನಾನು ಕಂಡ ಪಟ್ಟಿಗಳನ್ನೂ ತಾಳೆ ನೋಡುವ ದಾರಿ ನನಗೆ ತಿಳಿಯದು. ಕಂಡದ್ದನ್ನು ಹೇಳುತ್ತಿದ್ದೇನೆ.

ಚೀಲದ ಗಿಡವನ್ನು ಮನೆಗೆ ತಂದು, ನನ್ನದೇ ಛತ್ರಿಯನ್ನು ಹಿಂದೆ ಹಿಡಿದು, ಬೇರಿನ ಫೋಟೋ ತೆಗೆದು ಗುಂಪಿಗೆ ಹಾಕಿದೆ. ‘ಅವರ ಚೀಲದಲ್ಲಿದ್ದದ್ದು ಬಿದ್ದ ಗಿಡ. ಮನೆಯಲ್ಲಿ ಬೇರೆ ಗಿಡಗಳಿಲ್ಲ. ವಿಷಯ ಮುಗಿಯಿತು.’ ಮುಗಿಯಲಿಲ್ಲ. ‘ಒಂದು ಬಿದ್ದದ್ದೇ ಇರಬಹುದು, ಉಳಿದವು?’ ಎಂದರು ಹೋಮ್‌ಸ್ಟೇಯವರು. ‘ಮನೆಯಲ್ಲಿಲ್ಲ ಅಂದರೆ ಮಾರಿದ ಹಾಗಾಯಿತು’ ಎಂದರು ಇನ್ನೊಬ್ಬರು. ಗಿಡ ಸಾಕುವವರಿಗೆಲ್ಲ ಇದೊಂದು ಕುರುಡು: ಗಿಡ ಎಂದರೆ ಯಾರದಾದರೂ ಜಗಲಿಯಲ್ಲಿ ಇರಲೇಬೇಕು. ಮೂರನೆಯವರು, ‘ಮೇಡಂಗೆ ಗೊತ್ತಿದೆ, ಹೇಳುತ್ತಿಲ್ಲ. ಅವರಿಗೂ ಪಾಲು ಇರಬಹುದು,’ ಎಂದರು. ಅವರನ್ನು ಹೊರಗೆ ಹಾಕಲಿಲ್ಲ. ಅನುಮಾನ ಪಡುವುದು ನಮ್ಮ ಗುಂಪಿನಲ್ಲಿ ತಪ್ಪಲ್ಲ.

ಜಾಗ ಹೇಳಿದರೆ ಸತ್ತವರ ಹೆಸರು ಉಳಿಯುತ್ತದೆ. ಆ ಮರಗಳು ಬೋಳಾಗುತ್ತವೆ. ಹೇಳದಿದ್ದರೆ ಮರಗಳು ಉಳಿಯುತ್ತವೆ, ಹೆಸರು ಹೋಗುತ್ತದೆ. ಸತ್ತವರಿಗೆ ಹೆಸರಿನಿಂದ ಆಗಬೇಕಾದದ್ದೇನು ಎಂದು ಒಂದು ದಿನ ಅಂದುಕೊಂಡೆ. ಅಂದೇ ಅವರ ಹೆಂಡತಿ ಫೋನ್ ಮಾಡಿದರು. ಅಂಗಡಿ ಅವರೇ ನೋಡಿಕೊಳ್ಳುತ್ತಿದ್ದಾರೆ. ಯಾರೋ ಗಿರಾಕಿ ಛತ್ರಿ ಬಿಚ್ಚಿ ನೋಡುತ್ತ, ‘ಹೂವಿನ ಕಳ್ಳರ ಅಂಗಡಿ ಇದೇ ಅಲ್ವಾ?’ ಎಂದು ನಕ್ಕನಂತೆ.

“ಕಳ್ಳ ಅನ್ಸ್ಕಂಡು ಹೋಗೋದು ಬ್ಯಾಡ ಸಿಸ್ಟರ್,” ಎಂದರು. “ಮರ ತೋರ್ಸೋದೂ ಬ್ಯಾಡ. ಎರಡೂ ಆಗೋ ಹಂಗೆ ಎಂತಾದ್ರೂ ಮಾಡಿ.”

ಅದಕ್ಕೆ ಇದನ್ನು ಬರೆದೆ. ಬರೆದದ್ದನ್ನು ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ಕೂತು ಅವರಿಗೆ ಓದಿ ಹೇಳಿದೆ. ಸ್ಟೂಲಿನ ಮೇಲೆ ಕೂತು, ಹೊಸದಾಗಿ ಬಂದ ಛತ್ರಿಗಳನ್ನು ಒಂದೊಂದೇ ಬಿಚ್ಚಿ ಬೆಳಕಿಗೆ ಹಿಡಿಯುತ್ತ ಕೇಳಿದರು. ಗಂಡನ ಮಾತುಗಳು ಬಂದಲ್ಲಿ ಒಮ್ಮೆ ಕೈ ನಿಲ್ಲಿಸಿದರು. ಮುಗಿದ ಮೇಲೆ ಹೇಳಿದರು:

“ಎಲ್ಲ ಸರಿ ಇದೆ. ಆದ್ರೆ ರಸ್ತೆ ಬರ್ದಿದೀರಲ್ಲ.”

“ರಸ್ತೆ ಹೇಳದಿದ್ದರೆ ಯಾರೂ ನಂಬೋಲ್ಲ.”

“ಹಂಗಾದ್ರೆ ಬ್ಯಾರೆ ರಸ್ತೆ ಬರೀರಿ.”

“ಯಾವುದು ಬರೀಲಿ?”

ಕೈಯಲ್ಲಿದ್ದ ಛತ್ರಿಯನ್ನು ಮಡಚಿ, ಗುಂಡಿ ಹಾಕಿ, ಬದಿಗಿಟ್ಟರು. “ಜಾವಳಿ ಕಡೆ ಅನ್ನಿ. ಕಣ್ಣಲ್ಲಿ ನೀರು ಹಾಕ್ಕಂಡು ಬಂದಿದ್ರಲ್ಲ, ಅವ್ರು ಅಲ್ಲಿ ಹುಡುಕ್ಲಿ. ಅಲ್ಲಿ ನಮ್ಮದು ಎಂತದೂ ಇಲ್ಲ.”

ಹಾಗೆಯೇ ತಿದ್ದಿದ್ದೇನೆ. ಮೇಲೆ ಜಾವಳಿ ಎಂದಿರುವಲ್ಲೆಲ್ಲ ಇದ್ದದ್ದು ಬೇರೆ ಊರು. ಪಟ್ಟಿಯ ಬಣ್ಣವೂ ಕಪ್ಪಲ್ಲ. ಉಳಿದದ್ದೆಲ್ಲ ನಡೆದದ್ದೇ. ಆದರೂ ನನ್ನ ಮಾತನ್ನು ಹಾಗೇ ನಂಬಿ ಎಂದು ಕೇಳುವುದಿಲ್ಲ. ಚೀಲದಲ್ಲಿದ್ದ ಆ ಗಿಡ ಸದ್ಯಕ್ಕೆ ನನ್ನ ಮನೆಯಲ್ಲಿದೆ. ಅನುಮಾನ ಇರುವವರ ಅನುಮಾನ ತೀರಿದ ಮೇಲೆ ಅದು ಹೋಗಬೇಕಾದ ಮರಕ್ಕೆ ಹೋಗುತ್ತದೆ. ಏಣಿ ಅವರ ಹೆಂಡತಿಯ ಹತ್ತಿರವಿದೆ. ಅಲ್ಲಿಯವರೆಗೆ ಯಾರು ಬೇಕಾದರೂ ಮೂಡಿಗೆರೆಗೆ ಬಂದು ಗಿಡವನ್ನು ಮಗುಚಿ ಬೇರು ನೋಡಬಹುದು. ಕಾಫಿ ಕೊಡುತ್ತೇನೆ. ಹಿತ್ತಲು ತೋರಿಸುವುದಿಲ್ಲ.